ಕಣ್ಣಲ್ಲಿ ಲೆನ್ಸ್ ಇಟ್ಟುಕೊಂಡು ಮಲಗುವ ಮುನ್ನ...

ನಿಮ್ಮ ಮನೆಯಲ್ಲಿ ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಯಾರಾದರೂ ಇದ್ದರೆ ಅವರನ್ನ ಒಂದು ಸಣ್ಣ ಪ್ರಶ್ನೆ ಕೇಳಿ ನೋಡಿ. "ನಿನ್ನದು ಮಂಥ್ಲಿ ಲೆನ್ಸ್ ಅಂತೀಯಲ್ಲ, ಮಂಥ್ಲಿ ಅಂದರೆ ಏನು?" ಕೆಲವರು "ತಿಂಗಳಿಗೊಮ್ಮೆ ಬಿಸಾಡಿ ಹೊಸದು ಹಾಕೋದು" ಅನ್ನುತ್ತಾರೆ. ಇನ್ನು ಕೆಲವರು ಒಂಚೂರೂ ಅನುಮಾನವಿಲ್ಲದೆ "ತಿಂಗಳಿಡೀ ಕಣ್ಣಲ್ಲೇ ಇಡಬಹುದಾದದ್ದು" ಅನ್ನುತ್ತಾರೆ. ಎರಡು ಉತ್ತರಗಳ ನಡುವೆ ಮೂವತ್ತು ರಾತ್ರಿಗಳ ವ್ಯತ್ಯಾಸ ಇದೆ ಸ್ವಾಮಿ! ಕಣ್ಣಿನ ಮಟ್ಟಿಗೆ ಅದು ಸಣ್ಣ ವ್ಯತ್ಯಾಸ ಅಲ್ಲ.

ಮಂಥ್ಲಿ ಅನ್ನುವುದು ಲೆನ್ಸಿನ ಆಯುಷ್ಯ. ದಿನಾ ಬೆಳಿಗ್ಗೆ ಹಾಕಿ, ರಾತ್ರಿ ತೆಗೆದು, ಉಜ್ಜಿ ತೊಳೆದು, ದ್ರಾವಣದಲ್ಲಿಟ್ಟು, ತಿಂಗಳಾದ ಮೇಲೆ ಎಸೆಯುವುದು. ಹಾಕಿಕೊಂಡೇ ಮಲಗುವುದಕ್ಕೆ ಬೇರೆಯೇ ಹೆಸರಿದೆ, ಎಕ್ಸ್‌ಟೆಂಡೆಡ್ ವೇರ್. ವಾರದಲ್ಲಿ ಆರು ರಾತ್ರಿ ಇಟ್ಟುಕೊಂಡು ಏಳನೆಯ ರಾತ್ರಿ ಕಣ್ಣಿಗೆ ರಜೆ ಕೊಡುವುದು ಒಂದು ಬಗೆ. ಮೂವತ್ತು ರಾತ್ರಿ ತೆಗೆಯದೇ ಇರುವುದು ಇನ್ನೊಂದು ಬಗೆ, ಅದಕ್ಕೆ ಕಂಟಿನ್ಯುಯಸ್ ವೇರ್ ಅನ್ನುತ್ತಾರೆ. ಇದಕ್ಕೆ ಅನುಮತಿ ಪಡೆದ ಲೆನ್ಸುಗಳು ಕೆಲವೇ ಕೆಲವು. ಆ ಕೆಲವನ್ನೂ ಎಲ್ಲರ ಕಣ್ಣಿಗೆ ಬರೆದುಕೊಡುವಂತಿಲ್ಲ.

ಈ ವ್ಯತ್ಯಾಸ ಲೆನ್ಸ್ ಹಾಕುವವರಿಗೆ ಗೊತ್ತಿಲ್ಲ ಅಂದರೆ ತಪ್ಪು ಯಾರದು? ಹುಡುಗರು ಬೇಜವಾಬ್ದಾರಿಗಳು, ಸೋಮಾರಿಗಳು ಅಂತ ಬೈಯುವುದು ಸುಲಭ. ನನ್ನ ಅಭಿಪ್ರಾಯ ಬೇರೆ. ಲೆನ್ಸ್ ಬರೆದುಕೊಡುವವರು ಒಂದು ವಸ್ತುವನ್ನು ಕೊಟ್ಟು ಕೈ ತೊಳೆದುಕೊಳ್ಳುತ್ತಿದ್ದಾರೆ. ಲೆನ್ಸ್ ಹಾಕಿಕೊಂಡು ಮಲಗುವ ಅನುಮತಿ ಡಬ್ಬಿಯ ಮೇಲಿನ ಸಂಖ್ಯೆಯಿಂದ ಬರುವುದಲ್ಲ. ಆ ಕಣ್ಣನ್ನು ಮತ್ತೆ ಮತ್ತೆ ನೋಡುತ್ತೇನೆ ಅನ್ನುವ ವೈದ್ಯರ ಮಾತಿನಿಂದ ಬರುವಂಥದ್ದು. ಆ ಮಾತು ಕೊಡಲು ಸಿದ್ಧರಿಲ್ಲದವರು ಒಂದು ರಾತ್ರಿಗೂ ಬರೆದುಕೊಡಬಾರದು. ಇವತ್ತು ಇಷ್ಟು ಹೇಳುವುದಕ್ಕೇ ಕೂತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ನಾನು ಡಾಕ್ಟರಲ್ಲ. ಧಾರವಾಡದ ಕಡೆಯವನು, ಮುಂಬಯಿಗೆ ಬಂದು ಮೂವತ್ತು ವರ್ಷದ ಮೇಲಾಯಿತು. ಮೈನಸ್ ಎಂಟು ಪವರ್. ಸೋಡಾ ಬಾಟಲಿಯ ತಳದಂಥ ಚಾಳೀಸು ಹಾಕಿಕೊಂಡು ಲೋಕಲ್ ರೈಲಿನ ನೂಕುನುಗ್ಗಲಲ್ಲಿ ಎರಡು ಸಲ ಮುರಿಸಿಕೊಂಡ ಮೇಲೆ ಲೆನ್ಸಿಗೆ ಬಂದವನು. ಇಪ್ಪತ್ತೈದು ವರ್ಷಕ್ಕಿಂತ ಹೆಚ್ಚು ಲೆನ್ಸ್ ಹಾಕಿದ್ದೇನೆ, ಹಾಗಾಗಿ ಈ ವಿಷಯ ಓದುತ್ತಾ ಬಂದಿದ್ದೇನೆ. ಅಷ್ಟೇ ನನ್ನ ಅರ್ಹತೆ :-)

ಕಣ್ಣಿನ ಮುಂಭಾಗದಲ್ಲಿ ಗಡಿಯಾರದ ಗಾಜಿನ ಹಾಗೆ ಒಂದು ಪಾರದರ್ಶಕ ಪದರ ಇದೆಯಲ್ಲ, ಅದೇ ಕಾರ್ನಿಯಾ. ಅದರಲ್ಲಿ ರಕ್ತನಾಳಗಳೇ ಇಲ್ಲ. ಇದ್ದಿದ್ದರೆ ನಾವು ಲೋಕವನ್ನು ಕೆಂಪು ಬಲೆಯೊಳಗಿಂದ ನೋಡಬೇಕಾಗುತ್ತಿತ್ತು. ರಕ್ತ ಇಲ್ಲದ ಮೇಲೆ ಆಮ್ಲಜನಕ ಎಲ್ಲಿಂದ? ಬಹುಪಾಲು ನೇರ ಗಾಳಿಯಿಂದ, ಕಣ್ಣೀರಿನ ತೆಳುಪೊರೆಯ ಮೂಲಕ. ರೆಪ್ಪೆ ಮುಚ್ಚಿ ಮಲಗಿದಾಗ ಗಾಳಿ ತಪ್ಪಿಹೋಗುತ್ತದೆ. ಆಗ ರೆಪ್ಪೆಯ ಒಳಮೈಯ ರಕ್ತನಾಳಗಳಿಂದ ಸಿಗುವಷ್ಟರಲ್ಲೇ ಕಾರ್ನಿಯಾ ಸುಧಾರಿಸಿಕೊಳ್ಳಬೇಕು. ಅದು ಹಗಲಿನದರ ಸುಮಾರು ಮೂರನೇ ಒಂದು ಪಾಲು. ಅದಕ್ಕೇ ಲೆನ್ಸನ್ನೇ ಕಾಣದವರ ಕಾರ್ನಿಯಾ ಕೂಡ ಬೆಳಗಿನ ಹೊತ್ತಿಗೆ ಶೇಕಡಾ ಮೂರು–ನಾಲ್ಕರಷ್ಟು ಊದಿಕೊಂಡಿರುತ್ತದೆ, ಎದ್ದು ಕಣ್ಣು ಬಿಟ್ಟ ಮೇಲೆ ಇಳಿಯುತ್ತದೆ. ಇದರ ಮೇಲೆ ಒಂದು ಪ್ಲಾಸ್ಟಿಕ್ ಹಾಳೆ ಹೊದಿಸಿ ಮಲಗಿಸಿದರೆ? ಹಳೆಯ ಬಗೆಯ ಮೆದು ಲೆನ್ಸುಗಳಲ್ಲಿ ಊತ ಶೇಕಡಾ ಹತ್ತನ್ನೂ ದಾಟುತ್ತಿತ್ತು.

ಈಗ ಡಬ್ಬಿಯ ಮೇಲಿನ ಆ "30" ಬಗ್ಗೆ. ಅದರ ಜಾತಕ ಕೇಳಿದರೆ ನಿಮಗೇ ಆಶ್ಚರ್ಯ ಆಗುತ್ತದೆ.

ಮೆದು ಲೆನ್ಸಿನ ಜನಕ ಆಗಿನ ಚೆಕೊಸ್ಲೊವಾಕಿಯಾದ ಒಟ್ಟೊ ವಿಖ್ತರ್ಲೆ. 1961ರಲ್ಲಿ ತನ್ನ ಮನೆಯ ಅಡಿಗೆಮನೆ ಮೇಜಿನ ಮೇಲೆ, ಮಕ್ಕಳ ಆಟಿಕೆಯ ಲೋಹದ ಪಟ್ಟಿಗಳನ್ನು ಜೋಡಿಸಿ, ಸೈಕಲ್ಲಿನ ಡೈನಮೋ ಬಳಸಿ ಲೆನ್ಸ್ ಮಾಡುವ ಯಂತ್ರ ಕಟ್ಟಿದ ಪುಣ್ಯಾತ್ಮ. ಅಮೆರಿಕದಲ್ಲಿ ಮೆದು ಲೆನ್ಸಿಗೆ ಒಪ್ಪಿಗೆ ಸಿಕ್ಕಿದ್ದು 1971ರಲ್ಲಿ. ಹತ್ತು ವರ್ಷದ ನಂತರ, 1981ರಲ್ಲಿ, ಹಾಕಿಕೊಂಡು ಮಲಗುವುದಕ್ಕೂ ಅಲ್ಲಿನ ಎಫ್‌ಡಿಎ ಒಪ್ಪಿತು, ಅದೂ ಮೂವತ್ತು ದಿನದವರೆಗೆ. ಜನ ಹಬ್ಬ ಮಾಡಿದರು. ಆಮೇಲೆ ಆಸ್ಪತ್ರೆಗಳಿಗೆ ಕಾರ್ನಿಯಾ ಹುಣ್ಣಿನವರು ಬರತೊಡಗಿದರು. 1989ರಲ್ಲಿ ಅಮೆರಿಕದ ದೊಡ್ಡ ಅಧ್ಯಯನ ಹೊರಬಂತು. ರಾತ್ರಿ ತೆಗೆದಿಡುವ ಲೆನ್ಸ್ ಹಾಕುವವರಲ್ಲಿ ವರ್ಷಕ್ಕೆ ಹತ್ತು ಸಾವಿರಕ್ಕೆ 4.1 ಜನರಿಗೆ ಹುಣ್ಣು, ಎಕ್ಸ್‌ಟೆಂಡೆಡ್ ವೇರ್ ಲೆನ್ಸಿನವರಲ್ಲಿ 20.9. ಅದೇ ವರ್ಷ ಎಫ್‌ಡಿಎ ಮೂವತ್ತನ್ನು ಏಳಕ್ಕೆ ಇಳಿಸಿತು.

ತಪ್ಪೆಲ್ಲ ಆಮ್ಲಜನಕದ ಕೊರತೆಯದೇ ಅಂತ ಎಲ್ಲರೂ ನಂಬಿದ್ದ ಕಾಲ ಅದು. ಆಸ್ಟ್ರೇಲಿಯಾದ ಬ್ರಯನ್ ಹೋಲ್ಡನ್ ಮತ್ತು ಜಾರ್ಜ್ ಮರ್ಟ್ಸ್ 1984ರಲ್ಲೇ ಲೆಕ್ಕ ಹಾಕಿಟ್ಟಿದ್ದರು. ಲೆನ್ಸ್ ಆಮ್ಲಜನಕವನ್ನು ಎಷ್ಟು ಒಳಬಿಡುತ್ತದೆ ಅನ್ನುವುದಕ್ಕೆ ಒಂದು ಅಳತೆ ಇದೆ. ಹಗಲಿಗೆ ಆ ಅಳತೆ 24 ಸಾಕು, ಮಲಗುವುದಾದರೆ ಕನಿಷ್ಠ 87 ಬೇಕು ಅಂತ. ಹಳೆಯ ಲೆನ್ಸುಗಳು ಇದರ ಹತ್ತಿರವೂ ಸುಳಿಯುತ್ತಿರಲಿಲ್ಲ. 1999ರ ಹೊತ್ತಿಗೆ ಸಿಲಿಕಾನ್ ಹೈಡ್ರೋಜೆಲ್ ಅನ್ನುವ ಹೊಸ ವಸ್ತುವಿನ ಲೆನ್ಸುಗಳು ಮಾರುಕಟ್ಟೆಗೆ ಬಂದವು. ಸೀಬಾ ವಿಷನ್ನಿನ ನೈಟ್ ಅಂಡ್ ಡೇ ಲೆನ್ಸಿನ ಅಳತೆ 175! ಎಫ್‌ಡಿಎ 2001ರಲ್ಲಿ ಮತ್ತೆ ಮೂವತ್ತು ರಾತ್ರಿಗೆ ಒಪ್ಪಿತು. ಮೂವತ್ತು, ಏಳು, ಮತ್ತೆ ಮೂವತ್ತು.

ಕತೆ ಇಲ್ಲಿಗೆ ಸುಖಾಂತ್ಯ ಆಗಬೇಕಿತ್ತು. ಆಗಲಿಲ್ಲ. 2008ರಲ್ಲಿ ಆಸ್ಟ್ರೇಲಿಯಾದ ಅಧ್ಯಯನ ಬಂತು. ಹಳೆಯ ಮೆದು ಲೆನ್ಸ್ ಹಾಕಿಕೊಂಡು ಮಲಗುವವರಲ್ಲಿ ವರ್ಷಕ್ಕೆ ಹತ್ತು ಸಾವಿರಕ್ಕೆ 19.5 ಸೋಂಕು. ಹೊಸ ಸಿಲಿಕಾನ್ ಹೈಡ್ರೋಜೆಲ್ ಹಾಕಿಕೊಂಡು ಮಲಗುವವರಲ್ಲಿ 25.4. ಹಳೆಯ ಬಗೆಯ ಮೆದು ಲೆನ್ಸನ್ನು ರಾತ್ರಿ ತೆಗೆದಿಡುವವರಲ್ಲಿ 1.9. ಅಂದರೆ ಆಮ್ಲಜನಕ ಹೆಚ್ಚಾದಾಗ ಕಾರ್ನಿಯಾದ ಊತ ಕಡಿಮೆಯಾಯಿತು, ಸೋಂಕು ಮಾತ್ರ ಕಡಿಮೆಯಾಗಲಿಲ್ಲ.

ಯಾಕೆ ಹೀಗೆ? ಎಚ್ಚರ ಇದ್ದಾಗ ನಾವು ರೆಪ್ಪೆ ಬಡಿಯುತ್ತಲೇ ಇರುತ್ತೇವೆ. ಒಂದೊಂದು ಬಡಿತಕ್ಕೂ ಕಣ್ಣೀರು ಹರಿದು ಕಸಕಡ್ಡಿ ತೊಳೆದುಹೋಗುತ್ತದೆ. ರಾತ್ರಿ ಆ ಕಸಗುಡಿಸುವವಳು ರಜೆ. ಲೆನ್ಸಿನ ಹಿಂದೆ ನಿಂತ ನೀರು, ಸತ್ತ ಜೀವಕೋಶಗಳು, ಬೆಚ್ಚಗಿನ ಕತ್ತಲೆ. ಮಳೆಗಾಲದಲ್ಲಿ ನಮ್ಮ ಕಟ್ಟಡಗಳ ಹಿಂದೆ ನೀರು ನಿಂತರೆ ಏನಾಗುತ್ತದೆ ಅಂತ ಮುಂಬಯಿಯವರಿಗೆ ಬಿಡಿಸಿ ಹೇಳಬೇಕೆ? ಸೂಡೊಮೊನಾಸ್ ಅನ್ನುವ ಬ್ಯಾಕ್ಟೀರಿಯಾಕ್ಕೆ ಇಂಥ ಜಾಗ ಬಹಳ ಇಷ್ಟ. ಕಾರ್ನಿಯಾದ ಮೇಲ್ಪದರದಲ್ಲಿ ಸಣ್ಣ ಗೀರು ಸಿಕ್ಕರೆ ಸಾಕು, ಒಂದೆರಡು ದಿನದಲ್ಲೇ ದೊಡ್ಡ ಹುಣ್ಣು ಮಾಡಿಬಿಡುತ್ತದೆ.

"ಹತ್ತು ಸಾವಿರಕ್ಕೆ ಇಪ್ಪತ್ತು ಅಂದರೆ ಏನು ಮಹಾ, ಐನೂರಕ್ಕೆ ಒಬ್ಬರು!" ಅನ್ನಬಹುದು. ಸರಿ, ನಮ್ಮ ಭಾಷೆಯಲ್ಲೇ ಲೆಕ್ಕ ಹಾಕೋಣ. ಬೆಳಗಿನ ಹೊತ್ತು ಒಂದು ಲೋಕಲ್ ರೈಲಿನಲ್ಲಿ ಐದು ಸಾವಿರ ಜನ ತುಂಬಿಕೊಂಡಿದ್ದಾರೆ ಅಂದುಕೊಳ್ಳಿ. ಅವರೆಲ್ಲರೂ ಲೆನ್ಸ್ ಹಾಕಿಕೊಂಡೇ ಮಲಗುವವರಾದರೆ 1989ರ ಲೆಕ್ಕದಲ್ಲಿ ವರ್ಷಕ್ಕೆ ಹತ್ತು ಜನರಿಗೆ ಹುಣ್ಣು. ಎಲ್ಲರೂ ರಾತ್ರಿ ತೆಗೆದಿಡುವವರಾದರೆ ಇಬ್ಬರಿಗೆ. ಹತ್ತು ವರ್ಷ ಇದೇ ರೂಢಿ ಮುಂದುವರಿದರೆ ಐನೂರಕ್ಕೆ ಒಬ್ಬರು ಅನ್ನುವುದು ಐವತ್ತಕ್ಕೆ ಒಬ್ಬರಾಗುತ್ತದೆ. ಎಲ್ಲರ ದೃಷ್ಟಿಯೂ ಹೋಗುವುದಿಲ್ಲ, ಅದನ್ನೂ ಹೇಳಬೇಕು. ಮೂವತ್ತು ರಾತ್ರಿಯ ಲೆನ್ಸ್ ಹಾಕುವ ಆರು ಸಾವಿರಕ್ಕೂ ಹೆಚ್ಚು ಅಮೆರಿಕನ್ನರನ್ನು ಗಮನಿಸಿದ 2005ರ ಅಧ್ಯಯನದಲ್ಲಿ ಸೋಂಕು ಹತ್ತು ಸಾವಿರಕ್ಕೆ 18, ದೃಷ್ಟಿ ಕುಂದಿದ್ದು 3.6. ಬೇಗ ಡಾಕ್ಟರ ಹತ್ತಿರ ಹೋದವರು ಹೆಚ್ಚಾಗಿ ಬಚಾವಾಗುತ್ತಾರೆ.

ಆ "ಬೇಗ" ಅನ್ನುವ ಪದದಲ್ಲೇ ಎಲ್ಲಾ ಇದೆ ನೋಡಿ.

ನನ್ನ ಅಕ್ಕನ ಮಗನ ವಿಷಯ ಹೇಳುತ್ತೇನೆ. ಹುಬ್ಬಳ್ಳಿಯಿಂದ ಇಲ್ಲಿಗೆ ಕೆಲಸಕ್ಕೆ ಬಂದವನು, ಐರೋಲಿಯಲ್ಲಿ ರಾತ್ರಿ ಪಾಳಿ. ನಾಲ್ಕು ಜನ ಹುಡುಗರು ಸೇರಿ ಒಂದು ರೂಮು, ಒಂದೇ ವಾಶ್‌ಬೇಸಿನ್. ಯಾವುದೋ ಅಂಗಡಿಯಲ್ಲಿ ಕಣ್ಣು ತೋರಿಸಿ ಲೆನ್ಸ್ ತಂದಿದ್ದ. "ಮಾಮಾ, ಅಂಗಡ್ಯಾಂವ ಹೇಳ್ಯಾನ, ಇದು ತಿಂಗಳ ಲೆನ್ಸ್ ಅಂತ. ರಾತ್ರಿ ತಗಿಯೂ ಕೆಲಸನ ಇಲ್ಲ" ಅಂತ ಖುಷಿಯಿಂದ ಹೇಳಿದ್ದು ನೆನಪಿದೆ. ಇನ್ನೊಮ್ಮೆ ಹೋಗಿ ಕೇಳು ಅಂದೆ. ಹೋದ. "ಹೌದು ಸರ್, ಬ್ರೀದಬಲ್ ಇದೆ, ಆರಾಮಾಗಿ ಇಟ್ಕೊಳ್ಳಿ" ಅಂತ ಅದೇ ಉತ್ತರ ಸಿಕ್ಕಿತು. ಮತ್ತೆ ಯಾವಾಗ ತೋರಿಸಲು ಬರಬೇಕು ಅನ್ನುವುದಕ್ಕೆ, "ಪವರ್ ಚೇಂಜ್ ಆದರೆ ಬನ್ನಿ" ಅಂದರಂತೆ.

ಜುಲೈ ತಿಂಗಳ ಮಳೆ. ಮೂರನೆಯ ವಾರ ಒಂದು ದಿನ ಎದ್ದಾಗ ಕಣ್ಣು ಕೆಂಪು. "ಕಣ್ಣಾಗ ಉಸುಕು ಹೊಕ್ಕಂಗ ಆಗೇದ" ಅಂದ. ಪಾಳಿ ತಪ್ಪಿಸುವಂತಿರಲಿಲ್ಲ. ಮೂಲೆಯ ಮೆಡಿಕಲ್ ಸ್ಟೋರಿನಲ್ಲಿ ಕೇಳಿದ್ದಕ್ಕೆ ಒಂದು ಡ್ರಾಪ್ಸ್ ಕೊಟ್ಟರು, ಚೀಟಿ ಗೀಟಿ ಏನೂ ಕೇಳಲಿಲ್ಲ. ಅದರಲ್ಲಿ ಸ್ಟೀರಾಯ್ಡ್ ಇತ್ತು. ಒಂದು ದಿನ ಕೆಂಪು ಕಡಿಮೆಯಾದ ಹಾಗೆ ಕಂಡಿತು, ಎರಡನೆಯ ದಿನ ಬೆಳಕು ನೋಡಲಾಗದಷ್ಟು ನೋವು, ಕರಿಗುಡ್ಡೆಯ ಮೇಲೆ ಬಿಳಿ ಚುಕ್ಕೆ. ಆಸ್ಪತ್ರೆಯಲ್ಲಿ ಹುಣ್ಣನ್ನು ಕೆರೆದು ಪರೀಕ್ಷೆಗೆ ಕಳಿಸಿದರು. ಗಂಟೆಗೊಮ್ಮೆ ಔಷಧಿ, ರಾತ್ರಿಯೂ ಎಬ್ಬಿಸಿ ಎಬ್ಬಿಸಿ. ಕಣ್ಣು ಉಳಿಯಿತು. ಕಲೆಯೂ ಉಳಿಯಿತು. "ದೀಪದ ಸುತ್ತ ಬಳಿ ಕಾಣ್ತಾವ ಮಾಮಾ" ಅನ್ನುತ್ತಾನೆ. ಅವನಿಗೆ ಇಪ್ಪತ್ತಾರು ವರ್ಷ.

ಹುಡುಗನ ಪಾಲಿನ ಅಜಾಗ್ರತೆ ಇಲ್ಲ ಅನ್ನುತ್ತಿಲ್ಲ. ಆದರೆ ಲೆಕ್ಕ ಹಾಕಿ ನೋಡಿ. ಅವನು ಎಲ್ಲಿ ಮಲಗುತ್ತಾನೆ, ಕೈ ತೊಳೆಯಲು ಏನಿದೆ, ಸಿಗರೇಟು ಸೇದುತ್ತಾನೋ, ಕೆಲಸದ ವೇಳೆ ಏನು, ಇದ್ಯಾವುದನ್ನೂ ಯಾರೂ ಕೇಳಲಿಲ್ಲ. ಒಂದು ರಾತ್ರಿ ಕಳೆದ ಮೇಲೆ ಕಣ್ಣು ಹೇಗಿದೆ ಅಂತ ಯಾರೂ ನೋಡಲಿಲ್ಲ. ಕೆಂಪಾದರೆ ಏನು ಮಾಡಬೇಕು ಅಂತ ಒಂದು ಸಾಲು ಬರೆದುಕೊಡಲಿಲ್ಲ. ಇದನ್ನು ಪ್ರಿಸ್ಕ್ರಿಪ್ಶನ್ ಅನ್ನುವುದಾದರೆ ಕಿರಾಣಿ ಚೀಟಿಗೆ ಏನನ್ನಬೇಕು?

ಇದಕ್ಕೆ ವಿರುದ್ಧವಾದದ್ದನ್ನೂ ನಾನು ನೋಡಿದ್ದೇನೆ. ದಾದರಿನಲ್ಲಿ ನನಗೆ ಮೊದಲು ಲೆನ್ಸ್ ಕೊಟ್ಟ ಹಿರಿಯ ಮರಾಠಿ ಆಪ್ಟೋಮೆಟ್ರಿಸ್ಟ್ ಒಬ್ಬರು. ಅರ್ಧ ಗಂಟೆ ಬರೀ ಪ್ರಶ್ನೆ. ಮನೆಯಲ್ಲಿ ನೀರು ಎಷ್ಟು ಗಂಟೆಗೆ ಬರುತ್ತದೆ, ರೈಲಿನಲ್ಲಿ ಕಿಟಕಿ ಪಕ್ಕ ಕೂರುತ್ತೀರಾ ಬಾಗಿಲಲ್ಲಿ ನಿಲ್ಲುತ್ತೀರಾ, ಹೊಸ ನಂಬರಿನ ಚಾಳೀಸು ಇದೆಯಾ? "ಚಾಳೀಸು ಇಲ್ಲದವನಿಗೆ ನಾನು ಲೆನ್ಸ್ ಕೊಡುವುದಿಲ್ಲ. ಕಣ್ಣು ಕೆಟ್ಟ ದಿನ ಲೆನ್ಸ್ ತೆಗೆಯಬೇಕು, ಆಗ ಕುರುಡನಾಗುತ್ತೀಯಾ? ಆಗಲಾರೆ ಅಂತಲೇ ಲೆನ್ಸ್ ಬಿಡದೆ ಹಾಕಿಕೊಳ್ಳುತ್ತೀಯ" ಅಂದಿದ್ದರು. ನನ್ನ ಪವರಿಗೆ ಲೆನ್ಸಿನ ಅಂಚು ದಪ್ಪ, ಅಲ್ಲಿ ಆಮ್ಲಜನಕ ಕಡಿಮೆ ದಾಟುತ್ತದೆ, ಹಾಗಾಗಿ ರಾತ್ರಿಯ ಮಾತೇ ಇಲ್ಲ ಅಂದರು. ನಾನು ಒಂದು ರಾತ್ರಿಯೂ ಹಾಕಿಕೊಂಡು ಮಲಗಿಲ್ಲ. ಇದರಲ್ಲಿ ನನ್ನ ಹೆಚ್ಚುಗಾರಿಕೆ ಏನಿಲ್ಲ, ಅದು ಅವರು ಕೊಟ್ಟ ಹೆದರಿಕೆ.

ಹಾಗಾದರೆ ಎಕ್ಸ್‌ಟೆಂಡೆಡ್ ವೇರ್ ಅನ್ನೇ ನಿಷೇಧಿಸಬೇಕೇ? ಇಲ್ಲ, ಹಾಗೆ ಹೇಳುವುದೂ ತಪ್ಪಾಗುತ್ತದೆ. ಹುಟ್ಟಿನಿಂದ ಪೊರೆ ಇದ್ದು ಶಸ್ತ್ರಚಿಕಿತ್ಸೆ ಆದ ಹಸುಗೂಸಿಗೆ ದಿನಾ ಲೆನ್ಸ್ ಹಾಕಿ ತೆಗೆಯುವುದು ಎಷ್ಟು ಕಷ್ಟ ಅಂತ ಆ ತಾಯಂದಿರನ್ನೇ ಕೇಳಬೇಕು. ಅಂಥ ಮಕ್ಕಳಿಗೆ ರಾತ್ರಿಯೂ ಇಡಬಹುದಾದ ಲೆನ್ಸ್ ವರ. ಕಾರ್ನಿಯಾ ಗಾಯಕ್ಕೆ, ಕೆಲವು ಲೇಸರ್ ಚಿಕಿತ್ಸೆಗಳ ನಂತರ, ಬ್ಯಾಂಡೇಜಿನ ಹಾಗೆ ಲೆನ್ಸನ್ನು ರಾತ್ರಿಹಗಲು ಇಡುತ್ತಾರೆ. ಕೈ ನಡುಗುವವರು, ಕೀಲುಬೇನೆಯಿಂದ ಬೆರಳು ಬಾಗದವರು, ಯಾವ ಹೊತ್ತಿಗೆ ಕರೆ ಬರುತ್ತದೋ ತಿಳಿಯದ ಕೆಲಸದವರು, ಇವರಿಗೆಲ್ಲ ಕಾರಣ ಇದೆ. ಆದರೆ ಇವರಲ್ಲಿ ಬಹುಪಾಲು ಜನರನ್ನು ಡಾಕ್ಟರು ಪದೇ ಪದೇ ಕರೆದು ನೋಡುತ್ತಾರೆ. ಅದೇ ಗುಟ್ಟು.

ಇಲ್ಲಿ ಹೈದರಾಬಾದಿನ ವಿಷಯ ಹೇಳಲೇಬೇಕು. ಅಲ್ಲಿನ ನಮ್ಮ ಕನ್ನಡದವರು ಎಲ್.ವಿ. ಪ್ರಸಾದ್ ನೇತ್ರ ಸಂಸ್ಥೆಯ ಮುಂದೆ ದಿನಾ ಓಡಾಡುತ್ತಿರಬಹುದು. 1987ರಲ್ಲಿ ಡಾ. ಗುಲ್ಲಪಲ್ಲಿ ನಾಗೇಶ್ವರ ರಾವ್ ಕಟ್ಟಿದ ಸಂಸ್ಥೆ. 1990ರ ದಶಕದಲ್ಲಿ ಇದೇ ಸಂಸ್ಥೆ ಮತ್ತು ಮೇಲೆ ಹೇಳಿದ ಬ್ರಯನ್ ಹೋಲ್ಡನ್ ಅವರ ಸಿಡ್ನಿಯ ತಂಡ ಸೇರಿ, ಲೆನ್ಸ್ ಹಾಕಿಕೊಂಡು ಮಲಗುವವರ ಕಣ್ಣುಗಳನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದವು. ಅಂದರೆ ಈ ವಿದ್ಯೆ ಎಲ್ಲೋ ಪರದೇಶದಿಂದ ಹಾರಿಬಂದದ್ದಲ್ಲ, ನಮ್ಮ ದೇಶದ ಕಣ್ಣುಗಳ ಮೇಲೂ ಪರೀಕ್ಷೆ ಆಗಿದೆ. ಆದರೆ ಅಂಥ ಅಧ್ಯಯನದಲ್ಲಿ ಇರುವವರ ಕಣ್ಣನ್ನು ಗೊತ್ತಾದ ದಿನಕ್ಕೆ ಕರೆದು ಯಂತ್ರದಲ್ಲಿ ನೋಡುತ್ತಾರೆ, ಸಣ್ಣ ಕೆಂಪು ಕಂಡರೂ ಬರೆದಿಟ್ಟುಕೊಳ್ಳುತ್ತಾರೆ, ಬೇಕಾದರೆ ಲೆನ್ಸ್ ನಿಲ್ಲಿಸುತ್ತಾರೆ. ಡಬ್ಬಿಯ ಮೇಲಿನ ಸಂಖ್ಯೆಗಳು ಹುಟ್ಟುವುದು ಇಂಥ ಕಾವಲಿನಲ್ಲಿ. ಅಂಗಡಿಗೆ ಬರುವಾಗ ಸಂಖ್ಯೆ ಮಾತ್ರ ಬಂತು, ಕಾವಲು ಅಲ್ಲೇ ಉಳಿಯಿತು.

ಆ ಕಾವಲು ಹೇಗಿರಬೇಕು ಅನ್ನುವುದು ರಹಸ್ಯ ಏನಲ್ಲ, ಈ ವಿದ್ಯೆ ಓದಿದವರಿಗೆಲ್ಲ ಗೊತ್ತಿರುವಂಥದ್ದೇ. ನಾವು ಕೇಳಿ ಪಡೆಯಬೇಕು, ಅದಕ್ಕಾಗಿ ಇಲ್ಲಿ ಬರೆಯುತ್ತಿದ್ದೇನೆ.

1. ಮೊದಲು ಒಂದೆರಡು ವಾರ ಹಗಲು ಮಾತ್ರ. ಅದು ಒಗ್ಗಿದರೆ ಮುಂದಿನ ಮಾತು.

2. ಮೊದಲ ರಾತ್ರಿ ಮಲಗಿದ ಮರುದಿನ ಬೆಳಿಗ್ಗೆಯೇ, ಲೆನ್ಸ್ ಕಣ್ಣಲ್ಲಿ ಇರುವಾಗಲೇ ತಪಾಸಣೆ. ಸಂಜೆ ಹೋದರೆ ಊತ ಇಳಿದುಹೋಗಿ ಏನೂ ಕಾಣುವುದಿಲ್ಲ. ಆಮೇಲೆ ಒಂದು ವಾರಕ್ಕೆ, ಒಂದು ತಿಂಗಳಿಗೆ, ಮುಂದೆ ಮೂರು ತಿಂಗಳಿಗೊಮ್ಮೆ.

3. ತಪಾಸಣೆ ಅಂದರೆ ಗೋಡೆಯ ಮೇಲಿನ ಅಕ್ಷರ ಓದಿಸುವುದಲ್ಲ. ಗದ್ದ ಇಟ್ಟು ಹಣೆ ಒತ್ತಿ ಕೂರಿಸುತ್ತಾರಲ್ಲ, ಆ ಸ್ಲಿಟ್ ಲ್ಯಾಂಪಿನಲ್ಲಿ ನೋಡಬೇಕು. ಲೆನ್ಸ್ ಕಣ್ಣಿನ ಮೇಲೆ ಅಲುಗಾಡುತ್ತಿದೆಯೋ ಅಂಟಿಕೊಂಡಿದೆಯೋ ನೋಡಬೇಕು. ಅದನ್ನು ತೆಗೆದು ಬಣ್ಣ ಹಾಕಿ, ನೀಲಿ ಬೆಳಕಿನಲ್ಲಿ ಗೀರು ಹುಡುಕಬೇಕು. ಮೇಲಿನ ರೆಪ್ಪೆ ಮಗುಚಿ ಗುಳ್ಳೆಗಳಿವೆಯೇ ನೋಡಬೇಕು. ರೆಪ್ಪೆ ಮಗುಚದ ತಪಾಸಣೆ ಅರ್ಧ ತಪಾಸಣೆ.

4. "ನೀವು ಹೇಳಿದ ಹಾಗೆ ನಡೆದುಕೊಳ್ಳುತ್ತಿದ್ದೀರಿ ತಾನೆ?" ಅಂತ ಕೇಳಿದರೆ ಎಲ್ಲರೂ ಹೌದು ಅನ್ನುತ್ತಾರೆ. "ವಾರದಲ್ಲಿ ಎಷ್ಟು ರಾತ್ರಿ ತೆಗೆಯೋಕೆ ಆಗೋದಿಲ್ಲ?" ಅಂತ ಕೇಳಿದರೆ ನಿಜ ಹೊರಬರುತ್ತದೆ. ಬೈಯುವ ಡಾಕ್ಟರ ಮುಂದೆ ರೋಗಿ ಸುಳ್ಳು ಹೇಳುತ್ತಾನೆ, ಆ ಸುಳ್ಳಿನ ಮೇಲೆ ಮುಂದಿನ ಲೆನ್ಸ್ ಬರೆಯಲಾಗುತ್ತದೆ.

5. ಹಗಲು ಮಾತ್ರ ಹಾಕುವವರಲ್ಲೂ ಅಪ್ಪಿತಪ್ಪಿ ನಿದ್ದೆ ಹೋಗುವವರಿಗೆ ಹೆಚ್ಚು ಆಮ್ಲಜನಕ ಬಿಡುವ ಲೆನ್ಸೇ ಒಳ್ಳೆಯದು. ಕೊಡಲಿ, ಆದರೆ "ಇದು ಮಲಗುವುದಕ್ಕೆ ಪರವಾನಗಿ ಅಲ್ಲ" ಅಂತ ಬಾಯಿಬಿಟ್ಟು ಹೇಳಿ ಕೊಡಲಿ.

6. ಸೂಚನೆಗಳು ರೋಗಿಗೆ ಗೊತ್ತಿರುವ ಭಾಷೆಯಲ್ಲಿರಲಿ. ಇರುವೆ ಸಾಲಿನಂಥ ಇಂಗ್ಲಿಷ್ ಅಕ್ಷರದ ಹಾಳೆ ಕೊಟ್ಟರೆ ಕಲಬುರಗಿಯಿಂದಲೋ ಕುಂದಾಪುರದಿಂದಲೋ ಮೊನ್ನೆ ಮೊನ್ನೆ ಬಂದ ಹುಡುಗ ಅದನ್ನು ಮಡಿಸಿ ಡಬ್ಬಿಯ ತಳಕ್ಕೆ ಹಾಕುತ್ತಾನೆ. ಅಂಗಡಿಯವರ ಹಿಂದಿ ಅರ್ಥವಾಗದೆ ಬರೀ ತಲೆಯಾಡಿಸಿ ಬರುವವರನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಇನ್ನು ನೀರಿನ ವಿಷಯ. ಲೆನ್ಸಿಗೆ ನಲ್ಲಿ ನೀರು ಸೋಕಲೇಬಾರದು. ಅಕಾಂತಅಮೀಬಾ ಅನ್ನುವ ಸೂಕ್ಷ್ಮಜೀವಿ ನೀರಿನಲ್ಲಿರುತ್ತದೆ. ಅದು ಕೋಶ ಕಟ್ಟಿಕೊಂಡರೆ ಕುಡಿಯುವ ನೀರಿಗೆ ಹಾಕುವ ಕ್ಲೋರಿನ್ನಿಗೂ ಜಗ್ಗುವುದಿಲ್ಲ. ಕಟ್ಟಡದ ಮೇಲಿನ ಟ್ಯಾಂಕಿನ ನೀರಿನ ಬಗ್ಗೆ ನಾನೇನು ಹೇಳಲಿ, ತಳದ ಕೆಸರು ನೀವೂ ನೋಡಿದ್ದೀರಿ. ಲೆನ್ಸ್ ಹಾಕಿಕೊಂಡೇ ಮಲಗುವವನು ಹಾಕಿಕೊಂಡೇ ಸ್ನಾನವನ್ನೂ ಮಾಡುತ್ತಾನೆ, ಇದನ್ನು ಬರೆದುಕೊಡುವವರು ಮರೆಯಬಾರದು. ರಾತ್ರಿ ತೆಗೆದಿಟ್ಟ ಮಾತ್ರಕ್ಕೆ ಎಲ್ಲಾ ಸುರಕ್ಷಿತ ಅಂತಲೂ ಅಲ್ಲ. 2006ರಲ್ಲಿ ಬಾಶ್ ಅಂಡ್ ಲೋಂಬ್ ಕಂಪನಿ ತನ್ನ ರೆನ್ಯೂ ಮಾಯಿಶ್ಚರ್‌ಲಾಕ್ ದ್ರಾವಣವನ್ನು ಫ್ಯುಸೇರಿಯಂ ಶಿಲೀಂಧ್ರ ಸೋಂಕಿನ ಕಾರಣಕ್ಕೆ ಜಗತ್ತಿನಾದ್ಯಂತ ವಾಪಸು ತೆಗೆದುಕೊಳ್ಳಬೇಕಾಯಿತು. ಆದ್ದರಿಂದ ಕಾವಲು ಹಗಲಿನ ಲೆನ್ಸಿಗೂ ಬೇಕು, ರಾತ್ರಿಯದಕ್ಕೆ ಹತ್ತು ಪಟ್ಟು ಬೇಕು.

ಈಗ ಹಣದ ಮಾತು. ಇದನ್ನು ಯಾರೂ ಎತ್ತುವುದಿಲ್ಲ. "ಕಣ್ಣಿನ ತಪಾಸಣೆ ಉಚಿತ" ಅಂತ ಬೋರ್ಡು ಹಾಕಿದ ಅಂಗಡಿಗೆ ಸಂಪಾದನೆ ಎಲ್ಲಿಂದ? ಡಬ್ಬಿಯಿಂದ. ರೋಗಿ ಮತ್ತೆ ಮತ್ತೆ ಬಂದು ಗದ್ದ ಇಟ್ಟು ಕೂತರೆ ಅಂಗಡಿಗೆ ನಷ್ಟ, ಇನ್ನೊಂದು ಡಬ್ಬಿ ಕೊಂಡರೆ ಲಾಭ. ಇಂಥ ಲೆಕ್ಕದಲ್ಲಿ ಐದು ತಪಾಸಣೆ ಯಾರು ಮಾಡುತ್ತಾರೆ? ಅದಕ್ಕೇ ನಾನು ಹೇಳುವುದು, ತಪಾಸಣೆಗೆ ಫೀಸು ಇರಲಿ, ನಾವು ಕೊಡೋಣ. ಲೆನ್ಸ್ ಬರೆಯುವಾಗಲೇ ಮೊದಲ ಮೂರು ತಿಂಗಳ ಭೇಟಿಗಳ ಹಣ ಸೇರಿಸಿ ಹೇಳಲಿ. ದುಬಾರಿ ಅನ್ನಿಸಿದವರು ರಾತ್ರಿಯ ಆಸೆ ಬಿಟ್ಟು ಹಗಲಿನ ಲೆನ್ಸಿಗೆ ತೃಪ್ತಿಪಡಲಿ, ಅದೂ ಒಳ್ಳೆಯದೇ. ಮಸಾಲೆ ದೋಸೆಗೆ ಬಿಲ್ ಕೊಡುವ ನಾವು ಕಣ್ಣು ನೋಡಿದ್ದಕ್ಕೆ ಕೊಡಲು ಯಾಕೆ ಹಿಂದೆಮುಂದೆ ನೋಡಬೇಕು?

ಬರೆದುಕೊಡುವವರು ಯಾರು ಅನ್ನುವುದೂ ಮುಖ್ಯ. ಆಪ್ತಾಲ್ಮಾಲಜಿಸ್ಟ್ ಅಂದರೆ ಎಂಬಿಬಿಎಸ್ ಮಾಡಿ ಕಣ್ಣಿನಲ್ಲಿ ಪರಿಣತಿ ಪಡೆದ ಡಾಕ್ಟರು. ಆಪ್ಟೋಮೆಟ್ರಿಸ್ಟ್ ಅಂದರೆ ದೃಷ್ಟಿ ಪರೀಕ್ಷೆ ಮತ್ತು ಲೆನ್ಸ್ ವಿಷಯವನ್ನೇ ನಾಲ್ಕು ವರ್ಷದ ಪದವಿಯಲ್ಲಿ ಓದಿದವರು. ಆಪ್ಟಿಶಿಯನ್ ಅಂದರೆ ಕನ್ನಡಕ ಮಾಡಿ ಮಾರುವವರು. ನಮ್ಮ ಜನಕ್ಕೆ ಬಿಳಿ ಕೋಟು ಹಾಕಿದವರೆಲ್ಲ ಒಂದೇ. 2021ರಲ್ಲಿ ಸಂಸತ್ತು ವೈದ್ಯಕೀಯಕ್ಕೆ ಸಂಬಂಧಪಟ್ಟ ವೃತ್ತಿಗಳಿಗಾಗಿ ಒಂದು ರಾಷ್ಟ್ರೀಯ ಆಯೋಗದ ಕಾಯ್ದೆ ಮಾಡಿತು, ಅದರ ಪಟ್ಟಿಯಲ್ಲಿ ಆಪ್ಟೋಮೆಟ್ರಿಸ್ಟರೂ ಇದ್ದಾರೆ. ಸಂತೋಷ. ಆದರೆ ಕಾಯ್ದೆ ಬಂದು ನಮ್ಮ ಕಣ್ಣು ಕಾಯುವವರೆಗೆ ಕಾಯುತ್ತಾ ಕೂರುವಂತಿಲ್ಲ, "ನೀವು ಏನು ಓದಿದ್ದೀರಿ?" ಅಂತ ಕೇಳುವುದಕ್ಕೆ ನಾಚಿಕೆ ಬೇಡ. ನೆಟ್ಟಿನಲ್ಲಿ ಅಗ್ಗಕ್ಕೆ ತರಿಸುವವರಿಗೂ ಒಂದು ಮಾತು. ಮೇಲೆ ಹೇಳಿದ ಆಸ್ಟ್ರೇಲಿಯಾದ ಅಧ್ಯಯನದಲ್ಲಿ ಸೋಂಕಿನ ಅಪಾಯ ಹೆಚ್ಚಿಸುವ ಅಂಶಗಳ ಪಟ್ಟಿಯಲ್ಲಿ ರಾತ್ರಿ ಹಾಕಿಕೊಳ್ಳುವುದು, ಧೂಮಪಾನ, ಗಲೀಜು ಡಬ್ಬಿಗಳ ಜೊತೆಗೆ ಇಂಟರ್ನೆಟ್ ಖರೀದಿಯೂ ಇತ್ತು. ಅಗ್ಗದ ಲೆನ್ಸಿನಲ್ಲಿ ದೋಷ ಇರಬೇಕೆಂದೇನಿಲ್ಲ, ಆದರೆ ಆ ದಾರಿಯಲ್ಲಿ ನಿಮ್ಮ ಕಣ್ಣನ್ನು ನೋಡುವವರು ಯಾರೂ ಸಿಗುವುದಿಲ್ಲ.

ಎದುರು ವಾದವೂ ಇದೆ. "ಪ್ರಾಯ ಬಂದವರು, ಅಪಾಯ ಗೊತ್ತಿದ್ದೇ ಹಾಕಿಕೊಳ್ಳುತ್ತಾರೆ, ನಿಮಗೇನು?" ಅಂತ. ಒಪ್ಪುತ್ತೇನೆ, ಆದರೆ ಗೊತ್ತಿದ್ದು ಅನ್ನುವುದಕ್ಕೆ ಮೊದಲು ಗೊತ್ತು ಮಾಡಿಸಿರಬೇಕಲ್ಲ? "ನೀವು ಲೆನ್ಸ್ ಹಾಕಿ ಮಲಗಿದರೆ ಹುಣ್ಣಾಗುವ ಸಂಭವ ಐದು ಪಟ್ಟು ಹೆಚ್ಚು" ಅನ್ನುವ ಒಂದು ವಾಕ್ಯ ಹೇಳಲು ಹತ್ತು ಸೆಕೆಂಡು ಸಾಕು. ಆ ಹತ್ತು ಸೆಕೆಂಡು ಕೊಟ್ಟ ಮೇಲೆ ನಿರ್ಧಾರ ಅವರದು.

ಲೆನ್ಸ್ ಹಾಕುವವರು ಬೆಳಿಗ್ಗೆ ಎದ್ದು ಕನ್ನಡಿಯ ಮುಂದೆ ಮೂರು ವಿಷಯ ನೋಡಿಕೊಂಡರೆ ಸಾಕು. ಕಣ್ಣು ಹಾಯಾಗಿದೆಯಾ? ಬೆಳ್ಳಗಿದೆಯಾ? ಎರಡೂ ಕಣ್ಣಿಗೆ ಬೇರೆ ಬೇರೆಯಾಗಿ ಚೆನ್ನಾಗಿ ಕಾಣುತ್ತದಾ? ಮೂರರಲ್ಲಿ ಒಂದಕ್ಕೆ ಇಲ್ಲ ಅಂದರೂ ಲೆನ್ಸ್ ತೆಗೆಯಿರಿ. ತೆಗೆದ ಮೇಲೂ ನೋವು, ಕೆಂಪು ಹೋಗದಿದ್ದರೆ ಅದೇ ದಿನ ಕಣ್ಣಿನ ಡಾಕ್ಟರ ಹತ್ತಿರ ಹೋಗಿ, ಲೆನ್ಸ್ ಮತ್ತು ಡಬ್ಬಿಯನ್ನೂ ಒಯ್ಯಿರಿ, ಪರೀಕ್ಷೆಗೆ ಬೇಕಾಗಬಹುದು. ಮೆಡಿಕಲ್ ಸ್ಟೋರಿನ ಡ್ರಾಪ್ಸ್ ಮಾತ್ರ ಬೇಡವೇ ಬೇಡ.

ಲೆನ್ಸ್ ಬರೆದುಕೊಡುವವರಲ್ಲಿ ಒಬ್ಬರಾದರೂ ಇದನ್ನು ಓದುತ್ತಿದ್ದರೆ ನನ್ನದು ಒಂದೇ ಕೇಳಿಕೆ. ಯಾರಾದರೂ "ಇದನ್ನ ಹಾಕಿಕೊಂಡು ಮಲಗಬಹುದಾ?" ಅಂತ ಕೇಳಿದಾಗ ಡಬ್ಬಿ ನೋಡಬೇಡಿ, ನಿಮ್ಮ ಡೈರಿ ನೋಡಿ. ನಾಡಿದ್ದು ಬೆಳಿಗ್ಗೆ ಒಂಬತ್ತಕ್ಕೆ ಅವರ ಕಣ್ಣು ನೋಡಲು ನಿಮಗೆ ಬಿಡುವಿದೆಯೇ? ರಾತ್ರಿ ಎರಡು ಗಂಟೆಗೆ ಕಣ್ಣು ಕೆಂಪಾಗಿ ಎದ್ದರೆ ಫೋನ್ ಮಾಡಲು ಒಂದು ನಂಬರ್ ಕೊಡಬಲ್ಲಿರಾ? ಎರಡಕ್ಕೂ ಹೌದು ಅಂದರೆ ಬರೆದುಕೊಡಿ. ಇಲ್ಲವಾದರೆ "ರಾತ್ರಿ ತೆಗೆದಿಡಿ" ಅನ್ನಿ. ಇಷ್ಟು ಹೇಳುವುದಕ್ಕೆ ಕಷ್ಟವೇನಿದೆ?

ಪುಣೆ, ಚೆನ್ನೈ, ದಿಲ್ಲಿಯಲ್ಲಿರುವವರೇ, ನಿಮ್ಮಲ್ಲಿ ಲೆನ್ಸ್ ಕೊಟ್ಟವರು ಮರುದಿನ ಬೆಳಿಗ್ಗೆ ಕರೆದು ನೋಡಿದ್ದಾರಾ? ಒಬ್ಬರಾದರೂ "ಹೌದು" ಅಂತ ಬರೆದರೆ ನನಗೆ ಬಹಳ ಖುಷಿಯಾಗುತ್ತದೆ.